ಕಿರ್ರ್ ಅಂದಾಕ್ಷಣ 'ಚೇಂಜ್ ಮಾಡ್ರಿ' ಅಂದ್ರೆ ಹೇಗೆ?

ಸೈಕಲ್ಲು ಕಿರ್ರ್ ಅಂದರೆ ಒಳಗೇನೋ ಹಾಳಾಗಿದೆ, ಅದನ್ನು ಕಿತ್ತು ಹೊಸದು ಹಾಕಿದರೆ ಸದ್ದು ನಿಲ್ಲತ್ತೆ ಅನ್ನೋದು ನಮ್ಮಲ್ಲಿ ಬಹಳ ಜನರ ನಂಬಿಕೆ. ಅಂಗಡಿಯವರದ್ದೂ ಇದೇ ಧಾಟಿ. ನನಗೆ ಇದು ಒಪ್ಪಿಗೆಯಿಲ್ಲ. ರೋಡ್ ಬೈಕಿನ (ಮೋಟರ್ ಬೈಕ್ ಅಲ್ಲ ಮತ್ತೆ, ಬಾಗಿದ ಹ್ಯಾಂಡಲ್ಲು, ತೆಳು ಟೈರಿನ ಸೈಕಲ್ಲು :-) ) ಎಷ್ಟೋ ಸದ್ದುಗಳು ಪಾರ್ಟ್ ಸವೆದು ಬರೋದಲ್ಲ. ಎರಡು ಪಾರ್ಟ್ ಸೇರುವ ಜಾಗ ಒಣಗಿ, ಧೂಳು ಕೂತು, ಚೂರು ಸಡಿಲಾಗಿ ಬರೋದು. ಅದಕ್ಕೆ ಬೇಕಾದ್ದು ಒಂದು ಬಟ್ಟೆ ಚಿಂದಿ, ಬೆರಳ ತುದಿಯಷ್ಟು ಗ್ರೀಸು, ಆಮೇಲೆ ತಾಳ್ಮೆ.

ಸದ್ದು ಹುಟ್ಟೋದು ಹೇಗೆ ನೋಡಿ. ಬಿಗಿಯಾಗಿ ಒತ್ತಿಕೊಂಡ ಎರಡು ಮೈಗಳು ಮೊದಲು ಅಂಟಿಕೊಂಡಿರತ್ವೆ. ತುಳಿತದ ಬಲ ಏರಿದಾಗ ಕೂದಲೆಳೆಯಷ್ಟು ಜಾರಿ ಮತ್ತೆ ಅಂಟಿಕೊಳ್ಳತ್ವೆ. ಪಿಟೀಲಿನ ಕಮಾನು ತಂತಿಯ ಮೇಲೆ ಮಾಡೋದೂ ಇದನ್ನೇ. ಫ್ರೇಮಿನ ಪೊಳ್ಳು ಪೈಪುಗಳು ಆ ಸದ್ದನ್ನು ಊರೆಲ್ಲ ಸುತ್ತಾಡಿಸತ್ವೆ. ಹಿಂದಿನ ಚಕ್ರದ ಹತ್ತಿರ ಹುಟ್ಟಿದ್ದು ಪಾದದ ಕೆಳಗೆ ಕೇಳಿಸತ್ತೆ. ಹಾಗಾಗಿ ಸದ್ದು ಎಲ್ಲಿ ಕೇಳಿಸ್ತಿದೆ ಅನ್ನೋದಕ್ಕಿಂತ ಯಾವಾಗ ಕೇಳಿಸ್ತಿದೆ ಅನ್ನೋದನ್ನು ಹಿಡೀಬೇಕು.

ನನ್ನ ಸೈಕಲ್ಲಿನ ಕಥೆಯನ್ನೇ ಹೇಳ್ತೀನಿ. ನನ್ನ ಭಾನುವಾರದ ದಾರಿ ಟಿಳಕವಾಡಿಯಿಂದ ಉದ್ಯಮಬಾಗ, ಪೀರನವಾಡಿ, ಮಚ್ಛೆ ದಾಟಿ ಖಾನಾಪುರ. ಬೆಳಗಾವಿಯಿಂದ ಸುಮಾರು 26 ಕಿ.ಮೀ. ಖಾನಾಪುರದ ಕಡೆ ಮಳೆ ಜೋರು, ಮಣ್ಣು ಕೆಂಪು. ಮಳೆಗಾಲದಲ್ಲಿ ಚಕ್ರ ಎರಚಿದ ಕೆಂಪು ನೀರು ಸಂದುಗೊಂದಿಗೆಲ್ಲ ಹೋಗಿ, ಆಮೇಲೆ ಒಣಗಿ ಸಣ್ಣ ಮರಳಾಗಿ ಕೂತುಬಿಡತ್ತೆ. ಹೋದ ವರ್ಷ ಮಳೆ ನಿಂತ ಮೇಲೆ ಏರು ಹತ್ತುವಾಗಲೆಲ್ಲ 'ಕಟಕ್... ಕಟಕ್' ಶುರುವಾಯ್ತು.

ಅಂಗಡಿಯಲ್ಲಿ ಒಂದು ಸುತ್ತು ತುಳಿದು ನೋಡಿ, "ಬಿಬಿ ಹೋಗೈತ್ರಿ ಸರ, ಚೇಂಜ್ ಮಾಡೂದ ಚಲೋ" ಅಂದರು. ಬಿಬಿ ಅಂದ್ರೆ ಬಾಟಮ್ ಬ್ರಾಕೆಟ್, ಪೆಡಲ್ಲಿನ ಕ್ರ್ಯಾಂಕ್ ತಿರುಗೋ ಬೇರಿಂಗು. "ಆಮೇಲೆ ಬರ್ತೀನ್ರಿ" ಅಂತ ಹೇಳಿ ಮನೆಗೆ ಬಂದೆ.

ಆಮೇಲೆ ಒಂದೊಂದಾಗಿ ನೋಡ್ತಾ ಹೋದೆ. ತುಳಿಯೋದು ನಿಲ್ಲಿಸಿ ಸೈಕಲ್ಲನ್ನು ಉರುಳೋಕೆ ಬಿಟ್ಟರೆ ಸದ್ದಿಲ್ಲ. ಅಂದರೆ ಚಕ್ರದ ಬೇರಿಂಗು, ಕಡ್ಡಿಗಳ ಮೇಲೆ ಅನುಮಾನ ಕಡಿಮೆ. ಸೀಟಿನಿಂದೆದ್ದು ನಿಂತು ತುಳಿದರೂ ಸದ್ದಿದೆ, ಹಾಗಾಗಿ ಸೀಟು, ಸೀಟ್‌ಪೋಸ್ಟು ಎರಡೂ ಪಾರು. ಬ್ರೇಕ್ ಹಿಡಿದು ಹ್ಯಾಂಡಲ್ಲನ್ನು ಹಿಂದೆ ಮುಂದೆ ಜಗ್ಗಿದರೆ ಸುಮ್ಮನಿತ್ತು, ಮುಂಭಾಗವೂ ಪಾರು. ಎಣಿಸಿ ನೋಡಿದರೆ ಸುತ್ತಿಗೆ ಒಂದೇ ಸಲ, ಬಲಗಾಲು ಕೆಳಗಿಳಿಯುವಾಗ ಮಾತ್ರ.

ಬಹಳ ಜನ ಇಲ್ಲಿಗೇ ನಿಲ್ಲಿಸಿ ಬಿಬಿ ಅಂದುಬಿಡ್ತಾರೆ. ಆದರೆ ಬಲಗಾಲು ಒತ್ತಿದಾಗ ಭಾರ ಬೀಳೋದು ಬಿಬಿ ಮೇಲೆ ಮಾತ್ರ ಅಲ್ಲ. ಪೆಡಲ್ಲಿನ ಥ್ರೆಡ್ಡು, ಚೈನ್‌ರಿಂಗಿನ ಬೋಲ್ಟುಗಳು, ಕೊನೆಗೆ ಚೈನು ಜಗ್ಗುವ ಹಿಂದಿನ ಚಕ್ರದ ಆಕ್ಸಲ್ಲು, ಅದು ಕೂರುವ ಫ್ರೇಮಿನ ಕಚ್ಚು, ಇವೆಲ್ಲದರ ಮೇಲೂ ಅದೇ ಕ್ಷಣಕ್ಕೆ ಭಾರ ಬೀಳತ್ತೆ. ಸಮಯ ನೋಡಿದರೆ ಯಾವ ಬಲ ಅಂತ ಗೊತ್ತಾಗತ್ತೆ, ಯಾವ ಪಾರ್ಟ್ ಅಂತ ಅಲ್ಲ.

ಗೆಳೆಯನ ಪೆಡಲ್ ಹಾಕಿ ನೋಡಿದೆ, ಸದ್ದು ಹೋಗಲಿಲ್ಲ. (ಎಡಗಡೆ ಪೆಡಲ್ಲಿನ ಥ್ರೆಡ್ಡು ಉಲ್ಟಾ ಇರತ್ತೆ, ಬಿಚ್ಚುವಾಗ ನೆನಪಿರಲಿ.) ಮರುದಿನ ಚೈನ್‌ರಿಂಗಿನ ಬೋಲ್ಟುಗಳನ್ನು ಒರೆಸಿ ಬಿಗಿ ಮಾಡಿದೆ, ಆಗಲೂ ಇತ್ತು. ಆಮೇಲೆ ಅವನ ಹಿಂದಿನ ಚಕ್ರ ಹಾಕಿದರೆ ಸದ್ದು ಅರ್ಧಕ್ಕಿಳಿಯಿತು. ಸುಳಿವು ಸಿಕ್ಕಿತು! ಹಿಂದಿನ ಡಿರೇಲರ್ ನೇತಾಡುವ ಹ್ಯಾಂಗರನ್ನು ಬಿಚ್ಚಿದರೆ, ಅದಕ್ಕೂ ಫ್ರೇಮಿಗೂ ನಡುವೆ ಖಾನಾಪುರದ ಕೆಂಪು ಮಣ್ಣು ಕುಂಕುಮದ ಹಾಗೆ ಮೆತ್ತಿಕೊಂಡಿತ್ತು. ಒರೆಸಿ, ತೆಳ್ಳಗೆ ಗ್ರೀಸ್ ಸವರಿ, ಎರಡು ಪುಟ್ಟ ಬೋಲ್ಟುಗಳನ್ನು ಹದವಾಗಿ ಬಿಗಿದೆ. ಆಕ್ಸಲ್ ಕೂರುವ ಜಾಗವನ್ನೂ ಒರೆಸಿದೆ. ಅಷ್ಟೇ, ಸದ್ದು ಮಾಯ. ಬಿಬಿ ಇವತ್ತಿಗೂ ಹಳೆಯದೇ ಇದೆ.

ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಅದೇ ಏರು, ಅದೇ ಗೇರು. ಇದು ಬಿಟ್ಟರೆ ಬೇರೆ ಗುಟ್ಟಿಲ್ಲ. ಎಲ್ಲಾ ಒಟ್ಟಿಗೆ ಬಿಚ್ಚಿ ಒಟ್ಟಿಗೆ ಬಿಗಿದರೆ ಸದ್ದು ಹೋಗಬಹುದು, ಯಾಕೆ ಹೋಯ್ತು ಅಂತ ಮಾತ್ರ ಗೊತ್ತಾಗಲ್ಲ. ಸಿಕ್ಕಲ್ಲೆಲ್ಲ ಎಣ್ಣೆ ಸ್ಪ್ರೇ ಹೊಡೆಯೋದಂತೂ ಬೇಡವೇ ಬೇಡ. ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾಗತ್ತೆ, ರಿಮ್ಮಿಗೋ ಡಿಸ್ಕಿಗೋ ತಾಗಿದರೆ ಬ್ರೇಕೇ ಹಿಡಿಯಲ್ಲ.

ಬಿಬಿಯ ತಪ್ಪೇ ಇರಲ್ಲ ಅಂತ ನಾನು ಹೇಳ್ತಿಲ್ಲ. ಬೇರಿಂಗನ್ನು ಥ್ರೆಡ್ ಇಲ್ಲದೆ ಫ್ರೇಮಿಗೆ ಒತ್ತಿ ಕೂರಿಸುವ ಪದ್ಧತಿ, 2000ದಲ್ಲಿ ಕ್ಯಾನಂಡೇಲ್ ಕಂಪನಿ ತಂದ ಬಿಬಿ30 ಆ ಥರದ್ದು, ಕಿರಿಕಿರಿಗೆ ಪ್ರಪಂಚದಲ್ಲೆಲ್ಲ ಹೆಸರಾಯಿತು. ಕೊನೆಗೆ 2015ರಲ್ಲಿ ಟಿ47 ಅಂತ ದೊಡ್ಡ ಅಳತೆಯಲ್ಲಿ ಥ್ರೆಡ್ಡೇ ವಾಪಸ್ ಬಂತು. ಇನ್ನು ಸಡಿಲಾದ ಕ್ರ್ಯಾಂಕು, ಬಿರುಕು ಬಿಟ್ಟ ಹ್ಯಾಂಡಲ್ಲು ಸಿಕ್ಕರೆ ಮರುಮಾತಿಲ್ಲದೆ ಸೈಕಲ್ ನಿಲ್ಲಿಸಿ. ಸದ್ದಿನ ಮೂಲ ಹುಡುಕಬೇಕು ಅನ್ನೋದಕ್ಕೆ ಅದೂ ಒಂದು ಕಾರಣ. ಪಾರ್ಟ್ ಬದಲಿಸಿದ ನೆಮ್ಮದಿಯಲ್ಲಿ ನಿಜವಾದ ಬಿರುಕು ಹಾಗೇ ಉಳಿದುಬಿಟ್ಟರೆ?

ಹಾಗಂತ ಎಲ್ಲಾ ತಪ್ಪು ಅಂಗಡಿಯವರದ್ದು ಅಂತಲೂ ನನಗನ್ನಿಸಲ್ಲ. ಹೊಸ ಪಾರ್ಟಿಗೆ ನಾವು ಸಾವಿರಗಟ್ಟಲೆ ಕೊಡ್ತೀವಿ. ಅದೇ ಒಂದು ಗಂಟೆ ಹುಡುಕಿ ಗ್ರೀಸ್ ಹಚ್ಚಿ ಕೊಟ್ಟರೆ, "ಇಷ್ಟಕ್ಕೆ ಇನ್ನೂರು ರೂಪಾಯಾ?" ಅಂತ ಚೌಕಾಸಿಗೆ ನಿಲ್ತೀವಿ. ಹುಡುಕುವ ಕೆಲಸಕ್ಕೆ ಕೂಲಿ ಇಲ್ಲ ಅಂದಮೇಲೆ ಯಾರು ಹುಡುಕ್ತಾರೆ? 'ಚೇಂಜ್ ಮಾಡ್ರಿ' ಅನ್ನೋದೇ ಅವರ ಹೊಟ್ಟೆಪಾಡು ಆಗತ್ತೆ.

ನಮ್ಮೂರಲ್ಲಿ ಕೇಳುವ ಕಿವಿಗೆ ಬರವಿಲ್ಲ. ಉದ್ಯಮಬಾಗದ ಫೌಂಡ್ರಿಗಳು, ಮಷಿನ್ ಶಾಪುಗಳು ಇರೋ ಊರು ಇದು. ಹಳೇ ಸೈಕಲ್ಲುಗಳ ಕಾಟರ್ ಪಿನ್ ಸಡಿಲಾಗಿದ್ದನ್ನು ತುಳಿತದಲ್ಲೇ ಗುರುತಿಸುತ್ತಿದ್ದ ರಸ್ತೆಬದಿಯ ಮೇಸ್ತ್ರಿಗಳು ಇದ್ದವರು ನಮ್ಮಲ್ಲಿ. ಆ ಖಾನಾಪುರವೂ ಮಣ್ಣಿನ ಕೆಲಸಕ್ಕೆ ಹೆಸರಾದ ಊರೇ, ಕುಂಬಾರಿಕೆಗೆ ಅಂತಲೇ ಅಲ್ಲೊಂದು ಕೇಂದ್ರೀಯ ತರಬೇತಿ ಸಂಸ್ಥೆ ಇದೆ. ಗಡಿಗೆ ಕೊಳ್ಳುವಾಗ ಬೆರಳ ಗಿಣ್ಣಿನಿಂದ ಬಡಿದು, ಕಿವಿಗೊಟ್ಟು ಆರಿಸೋದು ನಮ್ಮ ಅಜ್ಜಿಯಂದಿರಿಗೆಲ್ಲ ಗೊತ್ತಿತ್ತು.

ಮುಂದಿನ ಸಲ ಯಾರಾದರೂ ನಿಮ್ಮ ಸೈಕಲ್ಲಿಗೆ ಕಿವಿಗೊಟ್ಟು, ಏನೂ ಬದಲಿಸದೆ ಸದ್ದು ನಿಲ್ಲಿಸಿ ಕೊಟ್ಟರೆ, ಪಾರ್ಟಿನ ಡಬ್ಬಿಗೆ ಕೊಡುವಷ್ಟೇ ಖುಷಿಯಿಂದ ಅವರ ಕೂಲಿ ಕೊಡಿ. ಇಲ್ಲದಿದ್ದರೆ ಸ್ವಲ್ಪ ದಿನದಲ್ಲಿ ಡಬ್ಬಿ ಮಾರುವವರು ಮಾತ್ರ ಉಳೀತಾರೆ.