ದಾರಿ ತೋರುವ ಬಾಣದ ಹಾವಳಿ

‘ಮಾರೋವಿಂಡ್’ ಎಂಬ ಕಂಪ್ಯೂಟರ್ ಆಟದ ನಡೆ ಆಮೆಯ ನಡೆಯೆಂದು ಮೂಗು ಮುರಿಯುವ ಮಹನೀಯರನ್ನು ನಾವು ಕೇಳುವುದಿಷ್ಟೆ: ಆತುರವುಳ್ಳವರು ಆ ಅದ್ಭುತಲೋಕಕ್ಕೆ ಹೋಗುವುದೇತಕ್ಕೆ? ಅಮೆರಿಕೆಯ ಬೆಥೆಸ್ಡಾ ಸಂಸ್ಥೆಯವರು 2002ರಲ್ಲಿ ಹೊರತಂದ ಈ ಆಟದಲ್ಲಿ, ಆಡುವವನು ಸೆರೆಯಿಂದ ಬಿಡುಗಡೆ ಹೊಂದಿ, ವಾರ್ಡನ್‌ಫೆಲ್ ಎಂಬ ಕಲ್ಪಿತ ದ್ವೀಪದಲ್ಲಿ ಹಡಗಿನಿಂದಿಳಿಯುವನು. ಮುಂದಿನ ದಾರಿ ಅವನದೇ. ಸೇತುವೆ ದಾಟಿ ಬಡಗಣಕ್ಕೆ ಹೋಗು, ಕವಲಿನಲ್ಲಿ ಎಡಕ್ಕೆ ತಿರುಗು ಎಂಬ ಬಗೆಯಲ್ಲಿ ಅಲ್ಲಿಯ ಜನರು ಹೇಳುವರು. ಆ ಮಾತು ಅವನ ದಿನಚರಿಯಲ್ಲಿ ಉಳಿಯುವುದು. ಕೈಮರಗಳನ್ನೋದುತ್ತ, ಬೂದಿಯ ಬಿರುಗಾಳಿಯಲ್ಲಿ ತಡವರಿಸುತ್ತ ಹುಡುಕಬೇಕು. ದೂರದೂರಿಗಾದರೆ ಮನೆಗಿಂತ ಎತ್ತರವಾದ ಕೀಟವೊಂದರ ಬೆನ್ನೇರಿ ಬಾಡಿಗೆ ತೆರಬೇಕು. (ಅದರ ಕೂಗನ್ನು ಒಮ್ಮೆ ಕೇಳಿದವರು ಮರೆಯಲಾರರು.) ದಾರಿ ತಪ್ಪಿದವನಿಗೆ ದೊರೆತ ಗವಿಯೂ ಗೋರಿಯೂ ಅವನ ಸ್ವಂತ ಸಂಪಾದನೆ.

2006ರ ‘ಆಬ್ಲಿವಿಯನ್’ನಲ್ಲಿ ಅದೇ ಸಂಸ್ಥೆಯವರು ದಿಕ್ಸೂಚಿಯ ಮೇಲೆ ಗುರಿ ತೋರುವ ಬಾಣವನ್ನಿಟ್ಟರು, ನಕ್ಷೆಯನ್ನೊತ್ತಿದೊಡನೆ ಊರಿಂದೂರಿಗೆ ಹಾರುವ ಸೌಕರ್ಯವನ್ನೂ ಕೊಟ್ಟರು. ಇದು ಸುಧಾರಣೆಯಂತೆ! ಆಡುವವನ ಕಣ್ಣು ಕಾಡನ್ನು ಬಿಟ್ಟು ಬಾಣಕ್ಕಂಟಿತು.

ಬೇಡವಾದವರು ಬಾಣವನ್ನು ನೋಡದಿರಲಿ ಎಂಬುದು ಕೆಲವರ ಸಮಾಧಾನ. ಆದರೆ ಬಾಣವನ್ನು ನೆಚ್ಚಿ ಕಟ್ಟಿದ ಆಟದಲ್ಲಿ ದಾರಿ ಹೇಳುವ ಮಾತುಗಳನ್ನೇ ಬಹುಮಟ್ಟಿಗೆ ಬರೆದಿರುವುದಿಲ್ಲ. ಅದನ್ನು ತೊರೆದವನು ಯಾರನ್ನು ಕೇಳತಕ್ಕದ್ದು?