ಏಟಿನಿಂದ ಸತ್ಯ ಹೊರಡದು

ಹೋಟೆಲಿನ ಗಲ್ಲಾಪೆಟ್ಟಿಗೆಯಲ್ಲಿ ಹಣ ಕಡಮೆಯಾದೊಡನೆ ಮೊದಲು ಸಂಶಯಕ್ಕೆ ಗುರಿಯಾಗುವವನು ಮಾಣಿ. "ಠಾಣೆಗೆ ಕೊಡಿ, ನಾಲ್ಕು ಏಟು ಬಿದ್ದರೆ ತಾನೇ ಬಾಯಿ ಬಿಡುತ್ತಾನೆ" ಎಂಬ ಮಾತು ನಮ್ಮವರಿಂದಲೇ ಬರುವುದುಂಟು. ಊರಿನಿಂದ ಈಚೆಗೆ ಬಂದು, ಮರಾಠಿಯನ್ನಿನ್ನೂ ಕಲಿಯದ ಹುಡುಗನಿಗೆ ಠಾಣೆಯಲ್ಲಿ ಕೇಳುವ ಪ್ರಶ್ನೆಯೂ ತಿಳಿಯದು, ಉತ್ತರಿಸಲು ಮಾತೂ ಒದಗದು. ಆದುದರಿಂದ ಪುಣೆಯ ಕನ್ನಡಿಗರು ಈ ಮಾತಿನ ಪರಿಣಾಮವನ್ನು ಯೋಚಿಸಬೇಕೆಂದು ನಮ್ಮ ವಿನಂತಿ.

ಏಟಿಗೆ ಅಂಜಿದವನು ಹೊಡೆಯುವವನಿಗೆ ಬೇಕಾದುದನ್ನೇ ನುಡಿಯುತ್ತಾನೆ. ಇದನ್ನರಿತೇ ನಮ್ಮ ಕಾನೂನು ಪೋಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಅಂಗೀಕರಿಸುವುದಿಲ್ಲ. ವೀರಪ್ಪನ್‌ನನ್ನು ಹುಡುಕುವ ನೆಪದಲ್ಲಿ ಮಲೆಮಹದೇಶ್ವರ ಬೆಟ್ಟದ ಸುತ್ತಣ ಬಡ ಹಳ್ಳಿಗರನ್ನು ಕರ್ನಾಟಕ, ತಮಿಳುನಾಡುಗಳ ವಿಶೇಷ ಕಾರ್ಯಪಡೆ ಹಿಂಸಿಸಿತೆಂಬ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 89 ಮಂದಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ವಿಧಿಸಿತು. ವೀರಪ್ಪನ್ ಕೊನೆಗೊಂಡುದಾದರೋ 2004ರಲ್ಲಿ, ಅವನ ತಂಡದೊಳಕ್ಕೆ ನುಸುಳಿದ ಗುಪ್ತಚರರ ಉಪಾಯದಿಂದ.

ಸೆರೆಯಾದವನಿಗೂ ಹಕ್ಕುಗಳಿವೆ. ಅವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬುದು ಸಂವಿಧಾನದ 22ನೆಯ ವಿಧಿ. ಡಿ. ಕೆ. ಬಸು ಮೊಕದ್ದಮೆಯಲ್ಲಿ 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು 11 ಆದೇಶಗಳನ್ನಿತ್ತಿತು: ದಸ್ತಗಿರಿಯ ವೇಳೆಯನ್ನು ಬರೆದು ಸಾಕ್ಷಿಯ ರುಜು ಪಡೆಯಬೇಕು, ಬಂಧುವಿಗೋ ಮಿತ್ರನಿಗೋ ತಿಳಿಸಬೇಕು, 48 ಗಂಟೆಗೊಮ್ಮೆ ವೈದ್ಯರಿಂದ ಪರೀಕ್ಷೆಯಾಗಬೇಕು, ವಕೀಲರ ಭೇಟಿಗೆ ಅವಕಾಶವಿರಬೇಕು. ಠಾಣೆಗಳಲ್ಲಿ ಕ್ಯಾಮೆರಾ ಇರಬೇಕೆಂದು ಅದೇ ನ್ಯಾಯಾಲಯ 2020ರಲ್ಲಿ ಆಜ್ಞಾಪಿಸಿತು.

ಸರಕಾರದ ಕರ್ತವ್ಯವಾದರೋ ಅರ್ಧದಲ್ಲೇ ನಿಂತಿದೆ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದನೆಯನ್ನಿತ್ತಿಲ್ಲ. 2010ರಲ್ಲಿ ಲೋಕಸಭೆ ಒಪ್ಪಿದ ಮಸೂದೆ ಕಾನೂನಾಗಲಿಲ್ಲ. 2017ರಲ್ಲಿ ಕಾನೂನು ಆಯೋಗ ಮತ್ತೆ ಶಿಫಾರಸು ಮಾಡಿತು. ಆ ಕಾನೂನು ಇನ್ನು ತಡವಾಗಕೂಡದೆಂದು ನಾವು ಒತ್ತಾಯಿಸುತ್ತೇವೆ.

ಅಷ್ಟರಲ್ಲಿ ನಮ್ಮ ಕೈಯಲ್ಲಿರುವುದನ್ನಾದರೂ ಮಾಡೋಣ. ನಮ್ಮ ಹುಡುಗನೊಬ್ಬನನ್ನು ಠಾಣೆಗೆ ಕರೆದೊಯ್ದರೆ ಮರಾಠಿ ಬಲ್ಲ ಒಬ್ಬರು ಜೊತೆಗೆ ಹೋಗಲಿ, ವೇಳೆಯನ್ನು ಬರೆದಿಡಲಿ, ಅವನ ಮನೆಗೆ ಸುದ್ದಿ ಮುಟ್ಟಿಸಲಿ. ಸೆರೆಯಲ್ಲಿರುವವನಿಗೆ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಉಚಿತವಾಗಿ ವಕೀಲರು ದೊರೆಯುತ್ತಾರೆಂಬುದನ್ನು ಮರೆಯದಿರಲಿ. ಅವನು ಕದ್ದಿದ್ದರೆ ನ್ಯಾಯಾಲಯ ಶಿಕ್ಷಿಸಲಿ. ಏಟು ಹಾಕಿರೆಂದು ಹೇಳುವ ಅಧಿಕಾರ ಯಜಮಾನರಿಗೂ ಇಲ್ಲ, ನಮಗಾರಿಗೂ ಇಲ್ಲ.