ಹಿಮಗೂಬೆ ಸಾಕು, ನಾಮದ ಕೋಳಿ ಎಣಿಸೋಣ

2022ರ ಡಿಸೆಂಬರ್ ಕೊನೆಯಲ್ಲಿ ಲಾಸ್ ಏಂಜಲೀಸ್ ಪಕ್ಕದ ಸೈಪ್ರೆಸ್ ಊರಿನಲ್ಲಿ, ಮನೆಯ ಚಾವಣಿ ಮೇಲೆ ಒಂದು ಹಿಮಗೂಬೆ ಬಂದು ಕೂತಿತ್ತು. ಆರ್ಕ್ಟಿಕ್ ಹಕ್ಕಿ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ! ರಸ್ತೆ ತುಂಬಾ ಜನ, ಟ್ರೈಪಾಡು, ಉದ್ದುದ್ದ ಲೆನ್ಸು. ಸ್ಯಾನ್ ಡಿಯಾಗೋದಿಂದ ಕಾರು ಓಡಿಸಿಕೊಂಡು ಹೋದವರಲ್ಲಿ ನಾನೂ ಒಬ್ಬ. ನಾನೂರು ಫೋಟೋ ತೆಗೆದೆ. ಅದೇ ವಾರ ಮನೆ ಹತ್ತಿರದ ಸ್ಯಾನ್ ಎಲಿಹೋ ಲಗೂನ್‌ನಲ್ಲಿ ಎಷ್ಟು ಬಾತುಗಳಿದ್ದವು? ಗೊತ್ತಿಲ್ಲ. ನಾನು ಹೋಗಲೇ ಇಲ್ಲ.

ನನ್ನ ತಕರಾರು ಇದೇ. ನಾವು ಹಕ್ಕಿ ನೋಡ್ತಿಲ್ಲ, ಟ್ರೋಫಿ ಸಂಗ್ರಹಿಸ್ತಿದ್ದೀವಿ.

ಡೇಟಾ ನನ್ನ ಹೊಟ್ಟೆಪಾಡು, ಹಾಗಾಗಿ ಹೇಳ್ತೀನಿ. ಇ-ಬರ್ಡ್‌ನಲ್ಲಿ ಪಟ್ಟಿ ಸಲ್ಲಿಸುವಾಗ ಒಂದು ಪ್ರಶ್ನೆ ಬರುತ್ತೆ: ಗುರುತಿಸಿದ ಎಲ್ಲಾ ಹಕ್ಕಿಗಳನ್ನೂ ಬರೆದಿದ್ದೀರಾ? ‘ಹೌದು’ ಎಂದರೆ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿಗೂ ಅರ್ಥ ಬರುತ್ತೆ. ಚಂದದ್ದನ್ನಷ್ಟೇ ಬರೆದರೆ ಉಳಿದವು ಇರಲಿಲ್ಲವೋ, ನಾವೇ ಬಿಟ್ಟೆವೋ, ಯಾರಿಗೂ ತಿಳಿಯಲ್ಲ.

ಇದು ಬರೀ ಲೆಕ್ಕದ ಶುದ್ಧಿಯ ಮಾತಲ್ಲ. 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, 1970ರಿಂದೀಚೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 290 ಕೋಟಿ ಹಕ್ಕಿಗಳು ಕಡಿಮೆಯಾಗಿವೆ. ಅಂದರೆ ಶೇ. 29. ಹೆಚ್ಚಿನ ನಷ್ಟ ಗುಬ್ಬಚ್ಚಿಯಂಥ ಸಾಮಾನ್ಯ ಹಕ್ಕಿಗಳ ಕುಟುಂಬಗಳಲ್ಲೇ. ಇದು ಗೊತ್ತಾಗಿದ್ದು ಹೇಗೆ? ದಶಕಗಳ ಕಾಲ ಸಾಮಾನ್ಯ ಜನ ಬೇಸರಪಡದೆ ಸಾಮಾನ್ಯ ಹಕ್ಕಿಗಳನ್ನು ಎಣಿಸಿದ್ದರಿಂದ. 1900ರಲ್ಲಿ ಶುರುವಾದ ಕ್ರಿಸ್‌ಮಸ್ ಹಕ್ಕಿ ಎಣಿಕೆ ಇವತ್ತಿಗೂ ನಡೀತಿದೆ.

“ಮಕ್ಕಳಿಗೆ ಗೂಬೆ ತೋರಿಸಿದರೆ ಖುಷಿ, ಕೆರೆ ಬಾತು ಯಾರು ನೋಡ್ತಾರೆ?” ಅಂತ ಗೆಳೆಯನೊಬ್ಬ ಕೇಳಿದ. ಸರಿ, ಆ ಖುಷಿ ಸುಳ್ಳಲ್ಲ. ಆದರೆ ಇಲ್ಲಿನ ಕೊಳಗಳಲ್ಲೆಲ್ಲಾ ಕಾಣೋ ‘ಕೂಟ್’ ತೋರಿಸಿ, ಊರಲ್ಲಿರುವ ಇದರ ಸೋದರಹಕ್ಕಿಗೆ ‘ನಾಮದ ಕೋಳಿ’ ಅಂತಾರೆ ಎಂದು ಹೇಳಿ ನೋಡಿ. ಹಣೆಯ ಬಿಳಿ ನಾಮ ಕಂಡ ಮಗು ಆ ಹೆಸರು ಮರೆಯಲ್ಲ. ಇನ್ನು ಸೂಜಿಬಾಲದ ಬಾತು: ಕ್ಯಾಲಿಫೋರ್ನಿಯಾಕ್ಕೆ ಚಳಿಗಾಲಕ್ಕೆ ಬರುವ ಅದೇ ಜಾತಿ ಕರ್ನಾಟಕದ ಕೆರೆಗಳಿಗೂ ಬರುತ್ತೆ. ಅಜ್ಜಿಗೆ ಫೋನ್ ಮಾಡಿ ಮಾತಾಡಲು ಇದಕ್ಕಿಂತ ಒಳ್ಳೆ ವಿಷಯ ಬೇಕಾ?

ಕ್ಯಾಮೆರಾ ಮಾರಿ ಅಂತ ಹೇಳ್ತಿಲ್ಲ. ನಾನೂ ಮಾರಿಲ್ಲ. ಲಾಸ್ ಏಂಜಲೀಸ್‌ನವರು ಸೆಪುಲ್ವೇಡಾ ಬೇಸಿನ್‌ಗೆ ಹೋಗಿ, ನಮ್ಮ ಕಡೆಯವರು ಸ್ಯಾನ್ ಎಲಿಹೋಗೆ ಬನ್ನಿ. ಪ್ರತಿ ಭಾನುವಾರ ಅದೇ ದಾರಿ, ಅದೇ ಒಂದು ಗಂಟೆ. ಮೊದಲು ಎಲ್ಲವನ್ನೂ ಎಣಿಸಿ ಬರೆಯಿರಿ, ಆಮೇಲೆ ಲೆನ್ಸಿನ ಮುಚ್ಚಳ ತೆಗೆಯಿರಿ.